ಬಾಣಂತಿಯ 42 ದಿನಗಳು: ಹೆರಿಗೆಯ ಅನಂತರದ ಆರೋಗ್ಯದ ಚರಿತ್ರೆ ಮತ್ತು ಗಡಿನಾಡು

ಹೆರುವವರೆಗೆ ಬಸುರಿ, ಹೆತ್ತ ಮೇಲೆ ಬಾಣಂತಿ. ಕನ್ನಡವು ಈ ಎರಡು ಅವಸ್ಥೆಗಳಿಗೆ ಎರಡು ಬೇರೆ ಹೆಸರುಗಳನ್ನು ಕೊಟ್ಟಿದೆ. ಗಡಿನಾಡಿನ ದ್ವಿಭಾಷಿಕ ಮನೆಗಳಲ್ಲಿ ಈ ಭೇದ ಇನ್ನಷ್ಟು ಸ್ಪಷ್ಟವಾಗಿ ಕೇಳಿಬರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಮರಾಠಿಯಲ್ಲಿ ಅವಳು ‘ಬಾಳಂತೀಣ’. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯ ತೆಲುಗಿನಲ್ಲಿ ‘ಬಾಲಿಂತ’. ಕಾಸರಗೋಡಿನ ಮಲಯಾಳದಲ್ಲಿ ಹೆರಿಗೆಯ ಮುಂದಿನ ವಾರಗಳ ಆರೈಕೆಗೆ ‘ಪ್ರಸವರಕ್ಷೆ’ ಎಂಬ ಪ್ರತ್ಯೇಕ ಪದವಿದೆ. ಮಗು ಹೊರಬಂದೊಡನೆ ಹೆಂಗಸಿನ ಅಪಾಯ ಮುಗಿಯುವುದಿಲ್ಲ, ಅದು ಬೇರೊಂದು ರೂಪ ತಾಳುತ್ತದೆ ಎಂಬ ಅರಿವು ಈ ಭಾಷೆಗಳಲ್ಲಿ ಹಿಂದಿನಿಂದಲೂ ಇದೆ.

ಆಧುನಿಕ ವೈದ್ಯಕೀಯದ ದಾಖಲೆ ಪದ್ಧತಿಯು ಈ ಅರಿವಿಗೆ ನಿಧಾನವಾಗಿ ತಲುಪಿತು. ಇಂದಿನ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ, ಗರ್ಭಧಾರಣೆಯ ಅವಧಿಯಲ್ಲಿ ಅಥವಾ ಅದು ಮುಗಿದ 42 ದಿನಗಳೊಳಗೆ, ಗರ್ಭಧಾರಣೆಗೆ ಸಂಬಂಧಿಸಿದ ಕಾರಣದಿಂದ ಸಂಭವಿಸುವ ಸಾವು ತಾಯಿಮರಣ ಎನಿಸುತ್ತದೆ. ಆದರೆ ಆ 42 ದಿನಗಳಲ್ಲಿ ಬಾಣಂತಿಯ ಸ್ಥಿತಿಯನ್ನು ಯಾರು, ಎಲ್ಲಿ, ಯಾವ ಭಾಷೆಯಲ್ಲಿ ವಿಚಾರಿಸಬೇಕು ಎಂಬುದನ್ನು ವ್ಯಾಖ್ಯೆಯು ಹೇಳುವುದಿಲ್ಲ. ಕಳೆದ ಎರಡು ಶತಮಾನಗಳ ಚರಿತ್ರೆಯನ್ನು ಗಮನಿಸಿದರೆ ಒಂದು ಅಂಶ ಮತ್ತೆ ಮತ್ತೆ ಎದುರಾಗುತ್ತದೆ: ಬಾಣಂತಿಗೆ ಒದಗುವ ಅಪಾಯಗಳಲ್ಲಿ ಒಂದೊಂದನ್ನೂ ಯಾರಾದರೂ ಪ್ರತ್ಯೇಕವಾಗಿ ಎಣಿಸತೊಡಗಿದ ಮೇಲೆಯೇ ಅದಕ್ಕೆ ಪರಿಹಾರ ದೊರೆತಿದೆ. ಗಡಿನಾಡಿನ ಕನ್ನಡ ಬಾಣಂತಿಯ ಮಟ್ಟಿಗೆ ಇನ್ನೂ ಎಣಿಕೆಗೆ ಸಿಗದ ಎರಡು ಸಂಗತಿಗಳು ಉಳಿದಿವೆ. ಒಂದು ಗಡಿ, ಇನ್ನೊಂದು ಭಾಷೆ.

ಕೈಯಿಂದ ಬಂದ ನಂಜು

ಬಾಣಂತಿ ನಂಜಿನ ಚರಿತ್ರೆಯಲ್ಲಿ ಮೊದಲ ನಿರ್ಣಾಯಕ ಎಣಿಕೆ ನಡೆದದ್ದು ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ. ಅಲ್ಲಿ ಹೆರಿಗೆಗೆಂದು ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಎರಡನೆಯದರಲ್ಲಿ ಸೂಲಗಿತ್ತಿಯರೂ ಕೆಲಸ ಮಾಡುತ್ತಿದ್ದರು. 1846ರಲ್ಲಿ ಮೊದಲ ವಿಭಾಗದಲ್ಲಿ ಶೇ. 11.4ರಷ್ಟು ತಾಯಂದಿರು ಸತ್ತರೆ ಎರಡನೆಯದರಲ್ಲಿ ಸತ್ತವರು ಶೇ. 2.8 ಮಾತ್ರ. ಕಟ್ಟಡ, ಗಾಳಿ, ಊಟ ಎಲ್ಲವೂ ಹೆಚ್ಚುಕಡಿಮೆ ಒಂದೇ ಆಗಿರುವಾಗ ಈ ಅಂತರವೇಕೆ ಎಂಬುದು ಅಲ್ಲಿ ಸಹಾಯಕನಾಗಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್‌ನನ್ನು ಕಾಡಿದ ಪ್ರಶ್ನೆ. 1847ರಲ್ಲಿ ಅವನ ಸಹೋದ್ಯೋಗಿಯೊಬ್ಬನು ಶವಪರೀಕ್ಷೆಯ ವೇಳೆ ಚಾಕು ತಾಗಿ, ಬಾಣಂತಿ ನಂಜನ್ನೇ ಹೋಲುವ ಲಕ್ಷಣಗಳಿಂದ ಸತ್ತನು. ಶವಾಗಾರದಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುವ ಕೈಗಳೇ ನಂಜನ್ನು ಹೊತ್ತು ತರುತ್ತಿವೆ ಎಂದು ಸೆಮ್ಮೆಲ್‌ವೈಸ್ ಊಹಿಸಿದನು. ಆ ವರ್ಷದ ಮೇ ತಿಂಗಳಿಂದ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದನು. 1848ರಲ್ಲಿ ಮೊದಲ ವಿಭಾಗದ ಸಾವು ಶೇ. 1.27ಕ್ಕೆ ಇಳಿಯಿತು.

ಪಾಶ್ಚರ್ 1879ರಲ್ಲಿ ಬಾಣಂತಿ ನಂಜಿಗೆ ಕಾರಣವಾದ ಸೂಕ್ಷ್ಮಜೀವಿಯನ್ನು ಗುರುತಿಸಿದ ಕಾಲಕ್ಕೆ ಸೆಮ್ಮೆಲ್‌ವೈಸ್ ಬದುಕಿರಲಿಲ್ಲ. ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ 1936ರಲ್ಲಿ ಸಲ್ಫಾ ಔಷಧಿಯ ಪರಿಣಾಮ ಸಾಬೀತಾದ ಮೇಲೆಯೇ, ಒಮ್ಮೆ ತಗುಲಿದ ನಂಜನ್ನು ಗುಣಪಡಿಸುವ ದಾರಿ ತೆರೆಯಿತು. ಆದರೂ ವಿಯೆನ್ನಾದ ಪಾಠದ ಒಂದು ಅಂಶ ಬಹುಬೇಗ ಮರೆತುಹೋಯಿತು. ಅಲ್ಲಿ ಹೆಚ್ಚು ಅಪಾಯಕಾರಿಯಾಗಿದ್ದವು ವೈದ್ಯರ ಕೈಗಳು, ಸೂಲಗಿತ್ತಿಯರ ಕೈಗಳಲ್ಲ.

ಭಾರತದಲ್ಲಿ ಆಳ್ವಿಕೆಯ ದೃಷ್ಟಿ ಇದಕ್ಕೆ ವ್ಯತಿರಿಕ್ತವಾಗಿ ಬೆಳೆಯಿತು. ಮದರಾಸಿನಲ್ಲಿ 1844ರಲ್ಲಿ ಹೆರಿಗೆ ಆಸ್ಪತ್ರೆ ಸ್ಥಾಪನೆಯಾಯಿತು. 1885ರಲ್ಲಿ ಹೆಂಗಸರಿಗೆ ವೈದ್ಯಕೀಯ ನೆರವು ಒದಗಿಸಲು ಡಫರಿನ್ ನಿಧಿಯೂ, 1903ರಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಡಲು ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯೂ ಹುಟ್ಟಿಕೊಂಡವು. ಈ ಪ್ರಯತ್ನಗಳ ಹಿಂದೆ ಸಾಂಪ್ರದಾಯಿಕ ಸೂಲಗಿತ್ತಿಯ ಕೊಳಕು ಕೈಯೇ ಮುಖ್ಯ ಕಾರಣವೆಂಬ ಗ್ರಹಿಕೆ ಇತ್ತು. ಅದರಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ತೊಳೆಯದ ಕೈ, ಹರಿತವಲ್ಲದ ಕುಡುಗೋಲು, ಹಳೆಯ ಬಟ್ಟೆ ಇವು ತಾಯಿಗೂ ಕೂಸಿಗೂ ಕುತ್ತಾಗುತ್ತಿದ್ದವು. ಆದರೆ ಪುರುಡಿನ ಅಶೌಚದಿಂದಾಗಿ ಈ ಕೆಲಸವನ್ನು ಕೆಳಜಾತಿಯ ಹೆಂಗಸರಿಗೆ ಹೊರಿಸಿ, ಹೆರಿಗೆಗೆ ಮನೆಯ ಅತ್ಯಂತ ಕತ್ತಲೆಯ ಮೂಲೆಯನ್ನು ಬಿಟ್ಟುಕೊಟ್ಟ ಸಮಾಜದ ಪಾಲು ಎಷ್ಟೆಂಬ ಪ್ರಶ್ನೆ ಆ ಗ್ರಹಿಕೆಯಲ್ಲಿ ಹಿಂದೆ ಸರಿಯಿತು.

ಸೂಲಗಿತ್ತಿಯ ಜ್ಞಾನಕ್ಕೆ ಪ್ರಭುತ್ವದ ಮನ್ನಣೆ ದೊರೆತದ್ದು ತೀರ ಇತ್ತೀಚೆಗೆ. ಬಹುತೇಕ ಎಲ್ಲ ದಿಕ್ಕುಗಳಲ್ಲೂ ಆಂಧ್ರ ಪ್ರದೇಶದಿಂದ ಸುತ್ತುವರಿದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ವೇಳೆಗೆ ಹೆರಿಗೆಯು ಬಹುಮಟ್ಟಿಗೆ ಮನೆಯಿಂದ ಆಸ್ಪತ್ರೆಗೆ ಹೋಗಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆಸ್ಪತ್ರೆಯ ಹೆರಿಗೆಗಳ ಪ್ರಮಾಣ 2005-06ರಲ್ಲಿ ಶೇ. 38.7 ಇದ್ದದ್ದು 2019-21ರಲ್ಲಿ ಶೇ. 88.6ಕ್ಕೆ ಏರಿತು.

ರಕ್ತದ ಕೊರತೆ

ಕೈ ಶುದ್ಧವಾಗಿದ್ದರೂ ಬಾಣಂತಿಯರು ಸಾಯುತ್ತಿದ್ದರು. ಎರಡನೆಯ ಕಾರಣದ ಶೋಧವು ಮುಂಬಯಿಯ ಬಟ್ಟೆ ಗಿರಣಿಗಳ ಹೆಂಗಸರಿಂದ ಆರಂಭವಾಗಿ ನೀಲಗಿರಿಯ ಕೂನೂರಿನ ಮೂಲಕ ಹಾದುಹೋಗುತ್ತದೆ. ಗರ್ಭಿಣಿಯರಲ್ಲಿ ಕಾಣಿಸಿಕೊಂಡು ಹೆರಿಗೆಯ ಆಸುಪಾಸಿನಲ್ಲಿ ಪ್ರಾಣಕ್ಕೇ ಎರವಾಗುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಲು ಬ್ರಿಟಿಷ್ ವಿಜ್ಞಾನಿ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದರು. ಮೊದಲು ಅವರು ಹುಡುಕಿದ್ದು ಸೋಂಕನ್ನು, ಅದು ಸಿಗಲಿಲ್ಲ. ಬಳಿಕ ಗಮನ ಊಟದ ಕಡೆ ಹರಿಯಿತು. ಬಡ ಹೆಂಗಸರ ಊಟದಲ್ಲಿ ಹಣ್ಣು, ಸೊಪ್ಪು, ತರಕಾರಿಗಳು ತೀರ ಕಡಿಮೆ ಇದ್ದವು.

1929ರಲ್ಲಿ ವಿಲ್ಸ್ ಕೂನೂರಿನ ಪಾಶ್ಚರ್ ಸಂಸ್ಥೆಗೆ ಬಂದರು. ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ನೇತೃತ್ವದ ಪೋಷಣಾ ಸಂಶೋಧನೆ ಅಲ್ಲಿ ನಡೆಯುತ್ತಿತ್ತು. ಬಡ ಗರ್ಭಿಣಿಯರ ಊಟವನ್ನೇ ಹೋಲುವ ಆಹಾರವನ್ನು ಪ್ರಾಣಿಗಳಿಗೆ ಕೊಟ್ಟು ಪರೀಕ್ಷಿಸುವ ಪ್ರಯೋಗಗಳು ಮುಂದುವರಿದವು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟರೆ ರಕ್ತ ಸುಧಾರಿಸುತ್ತದೆಂಬುದು ಖಚಿತವಾಯಿತು. ಗರ್ಭಿಣಿಯರಿಗೆ ಆದ ಲಾಭವನ್ನು ಅವರು 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆ ವರ್ಷದ ಆರಂಭದಲ್ಲಿ ಅವರು ಕೆಲಸ ಮಾಡಿದ್ದು ಮದರಾಸಿನ ಹೆಂಗಸರ ಆಸ್ಪತ್ರೆಯಲ್ಲಿ. ಯೀಸ್ಟಿನ ಸಾರದಲ್ಲಿದ್ದ ಆ ಅಜ್ಞಾತ ದ್ರವ್ಯ ಕೆಲಕಾಲ ‘ವಿಲ್ಸ್ ಅಂಶ’ವೆಂದೇ ಕರೆಸಿಕೊಂಡಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. 1945ರಲ್ಲಿ ಅದರ ಕೃತಕ ತಯಾರಿಕೆಯನ್ನು ಸಾಧಿಸಿದ ಅಮೆರಿಕದ ಪ್ರಯೋಗಾಲಯದ ಸಂಶೋಧನೆಗೆ ನೇತೃತ್ವ ವಹಿಸಿದ್ದವರು ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿದ್ದ ತೆಲುಗರಾದ ಯಲ್ಲಾಪ್ರಗಡ ಸುಬ್ಬರಾವ್.

ಈ ಶೋಧದಿಂದ ಬಾಣಂತಿಯ ಸಾವಿನ ಕಾರಣಗಳ ಪಟ್ಟಿಗೆ ಕೈಯ ಜತೆ ತಟ್ಟೆಯೂ ಸೇರಿತು. ಈಗಾಗಲೇ ರಕ್ತ ಕಡಿಮೆ ಇರುವ ಹೆಂಗಸು ಹೆರಿಗೆಯ ಸಾಧಾರಣ ರಕ್ತಸ್ರಾವವನ್ನೂ ತಾಳಲಾರಳು. ನಂಜನ್ನು ಎದುರಿಸುವ ಶಕ್ತಿಯೂ ಅವಳಲ್ಲಿ ಕುಗ್ಗಿರುತ್ತದೆ. ಕೂನೂರಿನ ಪ್ರಯೋಗಗಳಿಗೆ 90 ವರ್ಷ ಕಳೆದ ಮೇಲೂ, 2019-21ರ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಅಗ್ಗದ್ದು. ಅದು ಹೆಂಗಸಿನ ಕೈ ಸೇರಿ ಹೊಟ್ಟೆ ಸೇರುವ ಹಾದಿ ಮಾತ್ರ ಉದ್ದದ್ದು.

ರಕ್ತದ ನಷ್ಟ

ಮೂರನೆಯ ಅಪಾಯವೆಂದರೆ ಹೆರಿಗೆಯಾದೊಡನೆ ಆಗುವ ಅತಿಯಾದ ರಕ್ತಸ್ರಾವ. ದಿನ ತುಂಬಿದ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶವು ಬಿಗಿಯಾಗಿ ಕುಗ್ಗಿ ರಕ್ತನಾಳಗಳ ಬಾಯಿ ಮುಚ್ಚಬೇಕು. ಅದು ಸಡಿಲವಾಗಿಯೇ ಉಳಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. 500 ಮಿಲಿಲೀಟರಿಗೂ ಮಿಕ್ಕಿದ ನಷ್ಟವನ್ನು ಅಪಾಯವೆಂದು ಎಣಿಸುವ ರೂಢಿಯಿದೆ. ಆದರೆ ಬಟ್ಟೆ, ಚಾಪೆ, ನೆಲಗಳಲ್ಲಿ ಹರಡಿದ ರಕ್ತವನ್ನು ಕಣ್ಣಳತೆಯಿಂದ ಅಂದಾಜಿಸಿದಾಗ ಅದು ಇದ್ದುದಕ್ಕಿಂತ ಕಡಿಮೆಯಾಗಿಯೇ ತೋರುತ್ತದೆ. ಅಪಾಯ ಅರಿವಿಗೆ ಬರುವ ಹೊತ್ತಿಗೆ ಸಮಯ ಮೀರಿರುತ್ತದೆ.

ಈ ಅಳತೆಯ ಸಮಸ್ಯೆಗೆ ಗಡಿಜಿಲ್ಲೆಯಾದ ಬೆಳಗಾವಿ ಕೊಟ್ಟ ಉತ್ತರವು ಜಾಗತಿಕ ಮಹತ್ವವುಳ್ಳದ್ದು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡವು ಅಮೆರಿಕದ ಸಂಶೋಧಕರೊಡಗೂಡಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರನ್ನೊಳಗೊಂಡ ಪ್ರಯೋಗ ನಡೆಸಿತು. ಹೆರಿಗೆ ಮಾಡಿಸುತ್ತಿದ್ದ ಕಿರಿಯ ಆರೋಗ್ಯ ಸಹಾಯಕಿಯರೇ ಮಗು ಹುಟ್ಟಿದ ಕೂಡಲೆ ತಾಯಿಗೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಅಥವಾ ಔಷಧಿಯಿಲ್ಲದ ಗುಳಿಗೆಯನ್ನು ಕೊಟ್ಟರು. ರಕ್ತವನ್ನು ಅಳೆಯಲು, ಗೆರೆ ಹಾಕಿದ ಚೀಲವಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಹೆಂಗಸಿನ ಕೆಳಗೆ ಹಾಸುವ ಕ್ರಮವನ್ನು ರೂಪಿಸಲಾಯಿತು. ಅತಿಯಾದ ರಕ್ತಸ್ರಾವವು ಶೇ. 12ರಿಂದ ಶೇ. 6.4ಕ್ಕೂ, ತೀವ್ರ ರಕ್ತಸ್ರಾವವು ಶೇ. 1.2ರಿಂದ ಶೇ. 0.2ಕ್ಕೂ ಇಳಿಯಿತು. ಫಲಿತಾಂಶವು 2006ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಪ್ರಯೋಗದ ಮಹತ್ವ ಎರಡು ಬಗೆಯದು. ತಂಪಿನಲ್ಲಿಡಬೇಕಾದ ಆಕ್ಸಿಟೋಸಿನ್ ಚುಚ್ಚುಮದ್ದು ದೊರೆಯದ ಕಡೆಯೂ ಬಳಸಬಹುದಾದ ಗುಳಿಗೆಯೊಂದು ಸಿಕ್ಕಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇದರೊಂದಿಗೆ ರಕ್ತವನ್ನು ಕಣ್ಣಳತೆಗೆ ಬಿಡದೆ ಅಳೆಯಬೇಕೆಂಬ ತತ್ತ್ವವೂ ನೆಲೆಗೊಂಡಿತು. ಆಫ್ರಿಕದ 4 ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗವು ಇಂಥದೇ ಅಳತೆಯ ಹಾಳೆಯನ್ನೂ ತ್ವರಿತ ಚಿಕಿತ್ಸೆಯ ಕಟ್ಟನ್ನೂ ಜೋಡಿಸಿ, ರಕ್ತಸ್ರಾವದ ಗಂಭೀರ ಪರಿಣಾಮಗಳನ್ನು ಶೇ. 60ರಷ್ಟು ತಗ್ಗಿಸಬಹುದೆಂದು ತೋರಿಸಿತು.

ತವರಿನ ಆರೈಕೆ

ಆಸ್ಪತ್ರೆಯಿಂದ ಹೊರಬಂದ ಬಾಣಂತಿಯ ಮುಂದಿನ ವಾರಗಳು ಕಳೆಯುವುದು ಮನೆಯಲ್ಲಿ, ಚೊಚ್ಚಲ ಹೆರಿಗೆಯಾದರೆ ಬಹುಪಾಲು ತವರಿನಲ್ಲಿ. ಬಾಣಂತನದ ರೂಢಿಗಳನ್ನು ಒಟ್ಟಾಗಿ ಮೂಢನಂಬಿಕೆಯೆಂದು ತಳ್ಳಿಹಾಕುವುದಾಗಲಿ, ಒಟ್ಟಾಗಿ ಪೂರ್ವಿಕರ ವಿಜ್ಞಾನವೆಂದು ಕೊಂಡಾಡುವುದಾಗಲಿ ಪರಿಶೀಲನೆಗೆ ನಿಲ್ಲದು. ಮನೆಗೆಲಸದಿಂದ ಬಿಡುವು, ಎಣ್ಣೆನೀರು, ಬೆಚ್ಚನೆಯ ಹಾಸಿಗೆ, ಅನುಭವಸ್ಥ ಹೆಂಗಸರ ಸಾಂಗತ್ಯ ಇವು ದೇಹಕ್ಕೂ ಮನಸ್ಸಿಗೂ ಆಸರೆಯಾದವು. ಅಂಟಿನುಂಡೆ, ಮೆಂತ್ಯದ ಗಂಜಿ, ಹಾಲು ಹೆಚ್ಚಲೆಂದು ಕೊಡುವ ಸಬ್ಬಸಿಗೆ ಸೊಪ್ಪು ಇವುಗಳಲ್ಲಿ ಪೋಷಣೆಯಿದೆ. ಇದಕ್ಕೆ ಎದುರಾಗಿ, ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಹಣ್ಣುಗಳು ನಂಜು ಎಂಬ ಪಥ್ಯಗಳೂ ಅನೇಕ ಕಡೆ ಇವೆ. ಲೂಸಿ ವಿಲ್ಸ್ ಗುರುತಿಸಿದ ಕೊರತೆಯನ್ನು ಇಂಥ ಪಥ್ಯವು ತುಂಬುವ ಬದಲು ಹೆಚ್ಚಿಸುತ್ತದೆ. ಜ್ವರ, ದುರ್ವಾಸನೆಯುಳ್ಳ ಸ್ರಾವ, ಕಾಲಿನ ಬಾವು, ವಿಪರೀತ ತಲೆನೋವುಗಳನ್ನು ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದು ಕಡೆಗಣಿಸುವ ಅಭ್ಯಾಸವು ಇನ್ನೂ ಅಪಾಯಕಾರಿ.

ಸರಕಾರಿ ವ್ಯವಸ್ಥೆಯಲ್ಲಿ ಈ ಅವಧಿಯ ಮನೆಭೇಟಿಯ ಹೊಣೆ ಆಶಾ ಕಾರ್ಯಕರ್ತೆಯದು. ಆಸ್ಪತ್ರೆಯಲ್ಲಿ ಹೆರಿಗೆಯಾದಾಗ 3, 7, 14, 21, 28 ಮತ್ತು 42ನೆಯ ದಿನ ಅವಳು ಬರಬೇಕು. ಕಾರ್ಯಕ್ರಮದ ಹೆಸರು ‘ಗೃಹಾಧಾರಿತ ನವಜಾತ ಶಿಶು ಆರೈಕೆ’. ಹೆಸರೇ ಸೂಚಿಸುವಂತೆ ಮೊದಲ ಗಮನ ಶಿಶುವಿನದು. ತಾಯಿಯ ವಿಚಾರಣೆ ಅದರ ಜತೆಗೆ ಬರುತ್ತದೆ.

ಗಡಿಯ ಅಂತರ

ತವರಿಗೆ ಹೋಗುವ ಈ ರೂಢಿಯು ಗಡಿನಾಡಿನಲ್ಲಿ ಆಡಳಿತದ ಪ್ರಶ್ನೆಯಾಗುತ್ತದೆ. ಇದರ ಮೂಲ ರಾಜ್ಯ ಪುನರ್ವಿಂಗಡಣೆಯಲ್ಲಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯವರೆಗೆ ಪುತ್ತೂರಿನ ಮಗಳು ಕಾಸರಗೋಡಿನ ಸೊಸೆಯಾದರೂ ಅವಳ ತವರೂ ಗಂಡನ ಮನೆಯೂ ಒಂದೇ ಜಿಲ್ಲೆಯ ಒಂದೇ ಆರೋಗ್ಯ ಇಲಾಖೆಗೆ ಒಳಪಟ್ಟಿದ್ದವು. ಗಡಿ ಬದಲಾಯಿತು, ಕೊಡುಕೊಳ್ಳುವ ಸಂಬಂಧ ಬದಲಾಗಲಿಲ್ಲ. ಹೀಗಾಗಿ ಒಬ್ಬಳೇ ಹೆಂಗಸು ಒಂದು ರಾಜ್ಯದಲ್ಲಿ ಗರ್ಭಿಣಿಯೆಂದು ದಾಖಲಾಗಿ ಇನ್ನೊಂದು ರಾಜ್ಯದಲ್ಲಿ ಬಾಣಂತಿಯಾಗುತ್ತಾಳೆ. ತಾಯಿ ಕಾರ್ಡು ಒಂದು ಭಾಷೆಯದು, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೈಗಿತ್ತ ಸೂಚನೆಗಳು ಇನ್ನೊಂದು ಭಾಷೆಯವು. ಗಂಡನ ಊರಿನ ಆಶಾಳಿಗೆ ಅವಳು ಊರಿನಲ್ಲಿಲ್ಲ. ತವರಿನ ಆಶಾಳ ಪಟ್ಟಿಗೆ ಅವಳು ಹೊಸಬಳು.

ಅಂಕಿಗಳ ಮಟ್ಟದಲ್ಲಿ ಈ ಅಂತರ ಕುತೂಹಲಕರ ರೂಪ ತಾಳುತ್ತದೆ. ಮಾದರಿ ನೋಂದಣಿ ವ್ಯವಸ್ಥೆಯ 2018-20ರ ವರದಿಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣವು ಕೇರಳದಲ್ಲಿ 19, ಮಹಾರಾಷ್ಟ್ರದಲ್ಲಿ 33, ತೆಲಂಗಾಣದಲ್ಲಿ 43, ಆಂಧ್ರ ಪ್ರದೇಶದಲ್ಲಿ 45, ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ಅಂದರೆ ಈ 5 ನೆರೆರಾಜ್ಯಗಳಲ್ಲಿ ಪ್ರತಿಯೊಂದರಲ್ಲೂ ಬಾಣಂತಿಯ ಬದುಕುಳಿಯುವ ಸಾಧ್ಯತೆ, ರಾಜ್ಯದ ಸರಾಸರಿಯ ಮಟ್ಟಿಗೆ, ಕರ್ನಾಟಕಕ್ಕಿಂತ ಉತ್ತಮ. ಗಡಿಯಾಚೆ ಉಳಿದುಹೋದದ್ದನ್ನು ಕೇವಲ ನಷ್ಟವಾಗಿ ಕಾಣುವ ವಾದಕ್ಕೆ ಈ ಅಂಕಿಗಳು ತಿದ್ದುಪಡಿ ಸೂಚಿಸುತ್ತವೆ. ಆದರೆ ಸರಾಸರಿಯು ಅಂಚನ್ನು ತೋರಿಸುವುದಿಲ್ಲ. ಕೇರಳದ 19ರಲ್ಲಿ ಮಂಜೇಶ್ವರದ ಪಾಲೆಷ್ಟು, ತಮಿಳುನಾಡಿನ 54ರಲ್ಲಿ ತಾಳವಾಡಿಯ ಗುಡ್ಡದೂರುಗಳ ಪಾಲೆಷ್ಟು ಎಂಬುದಕ್ಕೆ ರಾಜ್ಯಮಟ್ಟದ ಅಂಕಿಯು ಉತ್ತರಿಸದು. ಅದರಲ್ಲಿ ತಾಯಿಯ ಮಾತೃಭಾಷೆಯ ಕಲಮೂ ಇಲ್ಲ.

ಥ್ಯಾಡಿಯಸ್ ಮತ್ತು ಮೇಯ್ನ್ ಎಂಬ ವಿದ್ವಾಂಸರು 1994ರಲ್ಲಿ ತಾಯಿಮರಣಕ್ಕೆ ಮೂರು ವಿಳಂಬಗಳನ್ನು ಕಾರಣವಾಗಿ ಗುರುತಿಸಿದರು: ನೆರವು ಪಡೆಯಲು ನಿರ್ಧರಿಸುವುದರಲ್ಲಿ, ಆಸ್ಪತ್ರೆ ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ. ಗಡಿನಾಡಿನಲ್ಲಿ ಎರಡನೆಯ ವಿಳಂಬಕ್ಕೆ ರಾಜಕೀಯ ಕಾರಣವೂ ಸೇರಬಲ್ಲದೆಂಬುದು 2020ರಲ್ಲಿ ಸ್ಪಷ್ಟವಾಯಿತು. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಬಹುಕಾಲದಿಂದ ಮಂಗಳೂರು. ಕೋವಿಡ್ ದಿಗ್ಬಂಧನದಲ್ಲಿ ಕರ್ನಾಟಕವು ತಲಪಾಡಿಯ ರಸ್ತೆ ಮುಚ್ಚಿದಾಗ ರೋಗಿಗಳ ವಾಹನಗಳಿಗೂ ತಡೆಯಾಯಿತು. ತಡೆ ತೆರವುಗೊಳಿಸುವಂತೆ ಕೇರಳ ಉಚ್ಚ ನ್ಯಾಯಾಲಯವು ಏಪ್ರಿಲ್ 1ರಂದು ನಿರ್ದೇಶಿಸಬೇಕಾಯಿತು. ರಕ್ತಸ್ರಾವವಾಗುತ್ತಿರುವ ಬಾಣಂತಿಗೆ ಗಂಟೆಯೇ ಆಯುಷ್ಯದ ಅಳತೆ. ಅವಳ ಮಟ್ಟಿಗೆ ಇಂಥ ತಡೆಯ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಮನಸ್ಸು ಮತ್ತು ಭಾಷೆ

ಕೊನೆಯ ಅಂಶ ಮನಸ್ಸಿನದು. ‘ಬಾಣಂತಿ ಸನ್ನಿ’ ಎಂಬ ಹಳೆಯ ಪದವು ಹೆರಿಗೆಯ ಅನಂತರದ ತೀವ್ರ ಮನೋವಿಕಾರವನ್ನೂ ನಂಜುಜ್ವರದ ಬಡಬಡಿಕೆಯನ್ನೂ ಒಟ್ಟಿಗೆ ಸೂಚಿಸುತ್ತಿತ್ತು. ಸದ್ದಿಲ್ಲದೆ ಕವಿಯುವ ಖಿನ್ನತೆಗೆ ಬಾಣಂತನದ ಮಾತುಗಳಲ್ಲಿ ಅಷ್ಟೇ ರೂಢವಾದ ಹೆಸರಿರಲಿಲ್ಲ. 1987ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ 10 ಪ್ರಶ್ನೆಗಳ ಅಳತೆಗೋಲು ಆ ಖಿನ್ನತೆಯನ್ನು ಗುರುತಿಸಲು ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಕನ್ನಡ ರೂಪವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಿಂದ ತಾಯಿ ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವಿದೆ.

ರಕ್ತವನ್ನು ಚೀಲದಲ್ಲಿ ಅಳೆಯಬಹುದು, ಜ್ವರವನ್ನು ಉಷ್ಣಮಾಪಕದಲ್ಲಿ ಅಳೆಯಬಹುದು. ದುಃಖವನ್ನು ಕೇಳಿಯೇ ತಿಳಿಯಬೇಕು, ಅದೂ ಅವಳು ಅಳುವ ಭಾಷೆಯಲ್ಲಿ. ‘ಮನಸ್ಸಿಗೆ ಬೇಜಾರು’, ‘ಎದೆ ಭಾರ’, ‘ಯಾತರಾಗೂ ಮನಸಿಲ್ಲ’ ಎಂಬ ಮಾತುಗಳ ತೂಕವನ್ನು ಮಲಯಾಳ, ತಮಿಳು ಅಥವಾ ಮರಾಠಿಯಲ್ಲಿ ಮಾತ್ರ ವಿಚಾರಿಸುವ ದಾದಿ ಹಿಡಿಯಲಾರಳು. ಅಂಥಲ್ಲಿ ಅತ್ತೆಯೋ ಗಂಡನೋ ದುಭಾಷಿಗಳಾಗುತ್ತಾರೆ. ಅವರೆದುರು ಹೇಳಲಾಗದ್ದೇ ಅವಳ ನೋವಿನ ಕಾರಣವಾಗಿದ್ದರೆ ಪ್ರಶ್ನೆಯೂ ಉತ್ತರವೂ ಅಲ್ಲಿಗೇ ನಿಲ್ಲುತ್ತವೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಚರ್ಚೆಯು ಈವರೆಗೆ ಮುಖ್ಯವಾಗಿ ಶಾಲೆ, ಅರ್ಜಿ, ನಾಮಫಲಕಗಳ ಸುತ್ತ ನಡೆದಿದೆ. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಶಿಕ್ಷಣದ ಮಾತೃಭಾಷೆಯನ್ನು ಹೆಸರಿಸುತ್ತದೆ. ಬಾಣಂತಿಯ ಕೋಣೆಯ ಭಾಷೆ ಆ ಚರ್ಚೆಯೊಳಗೆ ಬಂದಿಲ್ಲ.

ಕೇರಳದ ಪ್ರಸೂತಿ ತಜ್ಞರ ಒಕ್ಕೂಟವು 2004ರಿಂದ ಪ್ರತಿಯೊಂದು ತಾಯಿಮರಣವನ್ನೂ ಗೋಪ್ಯವಾಗಿ, ಯಾರ ಮೇಲೂ ದೋಷ ಹೊರಿಸದೆ ಪರಿಶೀಲಿಸುವ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ರಕ್ತಸ್ರಾವವೇ ಸಾವಿನ ಮುಖ್ಯ ಕಾರಣವೆಂದು ಆ ಪರಿಶೀಲನೆಯಿಂದ ತಿಳಿದ ಮೇಲೆ ಚಿಕಿತ್ಸೆಯ ಕ್ರಮಗಳನ್ನು ಅದಕ್ಕೆ ತಕ್ಕಂತೆ ತಿದ್ದಲಾಯಿತು. ವಿಯೆನ್ನಾದ ಎರಡು ವಿಭಾಗಗಳ ಲೆಕ್ಕ, ಕೂನೂರಿನ ಆಹಾರ ಪ್ರಯೋಗ, ಬೆಳಗಾವಿಯ ಗೆರೆ ಹಾಕಿದ ಚೀಲ ಇವೆಲ್ಲ ಇದೇ ದಾರಿಯ ಹಿಂದಿನ ಹೆಜ್ಜೆಗಳು. ಇಂಥ ಪರಿಶೀಲನೆಯ ನಮೂನೆಯಲ್ಲಿ ಇನ್ನು ಎರಡು ಕಲಮುಗಳು ಸೇರಬೇಕಾಗಿವೆ: ಬಾಣಂತಿಯು ಈ 42 ದಿನಗಳಲ್ಲಿ ರಾಜ್ಯದ ಗಡಿ ದಾಟಿದ್ದಳೇ, ಅವಳನ್ನು ವಿಚಾರಿಸಿದವರು ಅವಳ ಮಾತು ಬಲ್ಲವರಾಗಿದ್ದರೇ. ಕಾಸರಗೋಡಿನಿಂದ ಜತ್ತದವರೆಗಿನ ಕನ್ನಡ ಬಾಣಂತಿಯರ ಆರೋಗ್ಯಚರಿತ್ರೆಯ ಮುಂದಿನ ಅಧ್ಯಾಯವನ್ನು ಬರೆಯಲು ಬೇಕಾದ ಆಧಾರಗಳು ಆ ಎರಡು ಕಲಮುಗಳಲ್ಲಿ ದೊರೆಯಬೇಕಾಗಿದೆ.